ಅಕ್ಷರ ಚಿಕ್ಕದಾಯಿತೋ, ಕಣ್ಣು ಮಂಜಾಯಿತೋ?

ನಲವತ್ತಾರು ವರ್ಷದ ಆ ಮಹಿಳೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸದವರು. ಮೂರು ತಿಂಗಳಿನಿಂದ ಅವರಿಗೆ ತಲೆನೋವು. ಬೆಳಿಗ್ಗೆ ಏಳುವಾಗ ಇರುವುದಿಲ್ಲ. ಮಧ್ಯಾಹ್ನ ಊಟವಾಗಿ ಮೂರು ಗಂಟೆಯಾಗುತ್ತಿದ್ದಂತೆ ಹುಬ್ಬಿನ ಮೇಲೆ ಶುರುವಾಗುತ್ತದೆ. ಸಂಜೆಯ ಹೊತ್ತಿಗೆ ಕತ್ತಿನ ಹಿಂಭಾಗವೆಲ್ಲ ಕಲ್ಲಿನಂತೆ ಬಿಗಿದುಕೊಳ್ಳುತ್ತದೆ. ಭಾನುವಾರ ಮಾತ್ರ ಆರಾಮ. ಮೊದಲ ಸಲ ಬಂದಾಗ ರಕ್ತದೊತ್ತಡ ನೋಡಿದೆ, ಸರಿಯಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆಯ ಅಂಶವೂ ಸರಿಯಾಗಿತ್ತು. ನೋವಿನ ಮಾತ್ರೆ ಬರೆದುಕೊಟ್ಟು, ‘ಚೆನ್ನಾಗಿ ನಿದ್ದೆ ಮಾಡಿ, ಚಿಂತೆ ಕಡಿಮೆ ಮಾಡಿ’ ಎಂದು ಹೇಳಿ ಕಳಿಸಿದೆ. ಎರಡನೆಯ ಸಲವೂ ಹೆಚ್ಚು ಕಡಿಮೆ ಅದೇ ಆಯಿತು.

ಮೂರನೆಯ ಸಲ ಪತಿಯನ್ನು ಜೊತೆಗೆ ಕರೆದುಕೊಂಡು ಬಂದರು. ಮಿದುಳಿನ ಸ್ಕ್ಯಾನ್ ಮಾಡಿಸಬೇಕೇ ಎಂಬುದು ಪತಿಯ ಪ್ರಶ್ನೆ. ಆಕೆಯ ಭಯ ಬೇರೆಯೇ ಇತ್ತು. ಹಿಂದಿನ ವಾರ ಒಬ್ಬ ಸದಸ್ಯರ ಖಾತೆಗೆ 8,300 ರೂಪಾಯಿ ಜಮಾ ಮಾಡುವ ಬದಲು 3,300 ಎಂದು ಹೊಡೆದಿದ್ದರಂತೆ. ಸಂಜೆ ಲೆಕ್ಕ ತಾಳೆಯಾಗದೆ ತಪ್ಪು ಸಿಕ್ಕಿತು, ಸರಿಪಡಿಸಿಯೂ ಆಯಿತು. ಆದರೆ ಕಾರ್ಯದರ್ಶಿಗಳು ಎಲ್ಲರ ಮುಂದೆ ಗದರಿದ್ದರು. ‘ಇಪ್ಪತ್ತು ವರ್ಷದಲ್ಲಿ ಒಂದು ತಪ್ಪು ಮಾಡಿದವಳಲ್ಲ. ನನ್ನ ಕಣ್ಣು ಹೋಗ್ತಾ ಇದೆಯಾ ಡಾಕ್ಟ್ರೇ?’ ಎಂದು ಕೇಳುವಾಗ ಅವರ ಗಂಟಲು ಕಟ್ಟಿತ್ತು.

ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದ್ದು ಆಗ. ‘ಮೂರು ತಿಂಗಳ ಹಿಂದೆ ಕೆಲಸದಲ್ಲಿ ಏನಾದರೂ ಬದಲಾಯಿತೇ?’

‘ಏನೂ ಇಲ್ಲ. ಹೊಸ ಕಂಪ್ಯೂಟರ್ ಕೊಟ್ಟಿದ್ದಾರೆ. ತುಂಬ ಒಳ್ಳೇದಂತೆ. ಆದ್ರೆ ಅಕ್ಷರ ಎಲ್ಲಾ ಇರುವೆ ಸಾಲು ಇದ್ದ ಹಾಗೆ ಕಾಣ್ತವೆ.’

ಭಾನುವಾರ ನೋವಿಲ್ಲವೆಂದು ಅವರು ಮೊದಲೇ ಹೇಳಿದ್ದರು. ಕಾಯಿಲೆಯ ಸುಳಿವು ಅದರಲ್ಲೇ ಇತ್ತು. ನಾನು ಗಮನಿಸಿರಲಿಲ್ಲ.

ಇವರೊಬ್ಬರ ಕಥೆ ಇದಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಹೊಸ ಕಂಪ್ಯೂಟರ್, ಹೊಸ ಲ್ಯಾಪ್‌ಟಾಪ್, ಹೊಸ ಫೋನು ಬಂದ ಮನೆಯಲ್ಲಿ, ಕಚೇರಿಯಲ್ಲಿ ‘ಅಕ್ಷರ ಯಾಕೋ ಚಿಕ್ಕದಾಗಿದೆ’ ಎಂಬ ಮಾತು ನೀವೂ ಕೇಳಿರುತ್ತೀರಿ. ಪರದೆ ಉತ್ತಮವಾದಷ್ಟೂ ಅಕ್ಷರ ಚೆನ್ನಾಗಿ ಕಾಣಬೇಕಲ್ಲವೇ? ಚಿಕ್ಕದಾಗುವುದೇಕೆ? ಇದಕ್ಕೂ ನಿಮ್ಮ ಕಣ್ಣು, ಕತ್ತು, ತಲೆನೋವಿಗೂ ಏನು ಸಂಬಂಧ? ಇಂದು ಅದನ್ನು ತಿಳಿಯೋಣ.

ಪರದೆಯೂ ಒಂದು ರಂಗೋಲಿ

ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಅಕ್ಷರ, ಅಂಕಿ, ಚಿತ್ರ ಎಲ್ಲವೂ ಚುಕ್ಕಿಗಳಿಂದ ಆದದ್ದು. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕವೇ ರೆಸಲ್ಯೂಷನ್. 1366 x 768 ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. 1920 x 1080 ಎಂದರೆ ಒಟ್ಟು 20 ಲಕ್ಷಕ್ಕೂ ಮೀರಿದ ಚುಕ್ಕಿಗಳು.

ಮನೆಯ ಮುಂದೆ ರಂಗೋಲಿ ಇಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಏಳು ಚುಕ್ಕಿಯ ರಂಗೋಲಿಯನ್ನು ಚುಕ್ಕಿಗಳ ನಡುವೆ ಗೇಣು ಅಂತರ ಬಿಟ್ಟು ಇಟ್ಟರೆ ಅಂಗಳ ತುಂಬುತ್ತದೆ. ಅದೇ ಏಳು ಚುಕ್ಕಿಯನ್ನು ಬೆರಳಿನ ಅಂತರದಲ್ಲಿ ಇಟ್ಟರೆ ಹೊಸ್ತಿಲ ಮೇಲೆ ಹಿಡಿಸುತ್ತದೆ. ಚುಕ್ಕಿಯ ಎಣಿಕೆ ಬದಲಾಗಲಿಲ್ಲ, ಚಿತ್ರವೂ ಬದಲಾಗಲಿಲ್ಲ. ಚುಕ್ಕಿಗಳು ಹತ್ತಿರವಾದವು, ರಂಗೋಲಿ ಚಿಕ್ಕದಾಯಿತು.

ಕಂಪ್ಯೂಟರಿನಲ್ಲಿ ಆಗುವುದೂ ಇದೇ. ಕಾರ್ಯಕ್ರಮ ಬರೆಯುವವರು ಬಹಳ ಕಾಲ ಪರದೆಯ ಮೇಲಿನ ವಸ್ತುಗಳನ್ನು ಮಿಲಿಮೀಟರಿನಲ್ಲಿ ಅಳೆಯದೆ ಚುಕ್ಕಿಗಳಲ್ಲೇ ಅಳೆಯುತ್ತಿದ್ದರು. ಗುರುತಿನ ಚಿತ್ರ, ಅಂದರೆ ಐಕಾನ್, 32 ಚುಕ್ಕಿ ಅಗಲ. ಅಂಕಿ 11 ಚುಕ್ಕಿ ಎತ್ತರ, ಹೀಗೆ. 1984ರಲ್ಲಿ ಬಂದ ಮೊದಲ ಮ್ಯಾಕಿಂತೋಷ್ ಕಂಪ್ಯೂಟರಿನಲ್ಲಿ ಒಂದು ಅಂಗುಲಕ್ಕೆ 72 ಚುಕ್ಕಿಗಳಿದ್ದವು. ವಿಂಡೋಸ್ ವ್ಯವಸ್ಥೆ ಅಂಗುಲಕ್ಕೆ 96 ಚುಕ್ಕಿ ಎಂಬ ಲೆಕ್ಕ ಹಿಡಿದು ನಡೆಯಿತು. ಪರದೆಗಳೆಲ್ಲ ಈ ಆಸುಪಾಸಿನಲ್ಲೇ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಆಮೇಲೆ ಅದೇ ಒಂದು ಅಂಗುಲದಲ್ಲಿ 150, 200, ಅದಕ್ಕೂ ಹೆಚ್ಚು ಚುಕ್ಕಿ ಕೂರಿಸುವುದು ಸಾಧ್ಯವಾಯಿತು. ಚುಕ್ಕಿ ಎಣಿಸಿ ಬರೆದ ಅಕ್ಷರ ಕುಗ್ಗಿತು.

ನಮ್ಮ ಸಹಕಾರ ಸಂಘದ ಮಹಿಳೆಯ ಲೆಕ್ಕವನ್ನೇ ನೋಡಿ. ಅವರ ಹಳೆಯ ಪರದೆ ಹದಿನೆಂಟೂವರೆ ಅಂಗುಲದ್ದು, ಅಡ್ಡಕ್ಕೆ 1366 ಚುಕ್ಕಿ. ಒಂದೊಂದು ಚುಕ್ಕಿಯೂ 0.30 ಮಿ.ಮೀ. ಹೊಸದು ಹದಿನಾಲ್ಕು ಅಂಗುಲದ ಲ್ಯಾಪ್‌ಟಾಪ್, ಅಡ್ಡಕ್ಕೆ 1920 ಚುಕ್ಕಿ. ಒಂದೊಂದು ಚುಕ್ಕಿ 0.16 ಮಿ.ಮೀ. 11 ಚುಕ್ಕಿ ಎತ್ತರದ ಅಂಕಿ ಹಳೆಯದರಲ್ಲಿ 3.3 ಮಿ.ಮೀ. ಇದ್ದದ್ದು ಹೊಸದರಲ್ಲಿ 1.8 ಮಿ.ಮೀ.ಗೆ ಇಳಿಯಿತು. 32 ಚುಕ್ಕಿಯ ಐಕಾನ್ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಇದ್ದದ್ದು ಅದರ ಅರ್ಧಕ್ಕೆ ಬಂತು. ಮೂರು, ಆರು, ಎಂಟು ಒಂದೇ ಥರ ಕಂಡದ್ದರಲ್ಲಿ ಆಶ್ಚರ್ಯವೇನು?

ಕಣ್ಣಿಗೆ ಎಷ್ಟು ದೊಡ್ಡ ಅಕ್ಷರ ಬೇಕು?

ಕಣ್ಣಿನ ಪರೀಕ್ಷೆಗೆ ಹೋದಾಗ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಪಟ್ಟಿ ನೋಡಿದ್ದೀರಲ್ಲ, ಅದನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್. ಆರು ಮೀಟರ್ ದೂರದಿಂದ 8.7 ಮಿ.ಮೀ. ಎತ್ತರದ ಅಕ್ಷರ ಓದಬಲ್ಲವರ ದೃಷ್ಟಿಯನ್ನು 6/6 ಎನ್ನುತ್ತೇವೆ. ದೂರ ಹತ್ತನೇ ಒಂದು ಪಾಲಾದರೆ, ಅಂದರೆ 60 ಸೆಂ.ಮೀ. ಆದರೆ, ಅಕ್ಷರವೂ ಹತ್ತನೇ ಒಂದು ಪಾಲು ಸಾಕು, ಸುಮಾರು 0.9 ಮಿ.ಮೀ. ಪರದೆಗೂ ನಮಗೂ ಸಾಮಾನ್ಯವಾಗಿ ಇರುವ ದೂರ ಇಷ್ಟೇ.

ಹಾಗಾದರೆ 1.8 ಮಿ.ಮೀ. ಧಾರಾಳವಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ. 0.9 ಮಿ.ಮೀ. ಎಂಬುದು ಕಣ್ಣಿನ ಕೊನೆಯ ಮಿತಿ. ಪರೀಕ್ಷೆಯ ಕೋಣೆಯಲ್ಲಿ ಎರಡು ನಿಮಿಷ ಕಷ್ಟಪಟ್ಟು ಓದಬಹುದಾದ ಗಾತ್ರ. ಒಬ್ಬ ಆಳು ಐವತ್ತು ಕೆ.ಜಿ. ಮೂಟೆಯನ್ನು ಒಮ್ಮೆ ಎತ್ತಬಲ್ಲ ಎಂದ ಮಾತ್ರಕ್ಕೆ ಅದನ್ನು ಬೆಳಗಿನಿಂದ ಸಂಜೆಯವರೆಗೆ ಹೊತ್ತು ನಿಲ್ಲು ಎನ್ನಲಾಗದು. ದಿನವಿಡೀ ಓದಬೇಕಾದರೆ ಮಿತಿಯ ಸುಮಾರು ನಾಲ್ಕರಷ್ಟು ಗಾತ್ರ ಇರುವುದು ಒಳ್ಳೆಯದು. 60 ಸೆಂ.ಮೀ. ದೂರಕ್ಕೆ ಅದು 3.5 ಮಿ.ಮೀ. ಆಗುತ್ತದೆ. ಕಚೇರಿಯ ಪರದೆಗಳ ಬಗ್ಗೆ 1992ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡವೂ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಇದೇ ಆಸುಪಾಸಿನ ಗಾತ್ರ ಹೇಳಿತ್ತು.

ನಮ್ಮ ಕನ್ನಡ ಅಕ್ಷರಗಳಿಗೆ ಇನ್ನಷ್ಟು ಧಾರಾಳ ಬೇಕು ಎಂಬುದು ನನ್ನ ಅಭಿಪ್ರಾಯ. ‘ರ’ಕ್ಕೂ ‘ಠ’ಕ್ಕೂ ವ್ಯತ್ಯಾಸ ಒಳಗಿನ ಒಂದು ಬೊಟ್ಟು. ‘ದ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂತಿರುತ್ತವೆ. ಅಕ್ಷರ ಕುಗ್ಗಿದಾಗ ಮೊದಲು ಅಳಿಸಿಹೋಗುವುದು ಇವೇ.

ಒಂದು ಅಳತೆಪಟ್ಟಿ ತೆಗೆದುಕೊಂಡು ಇಂದೇ ನಿಮ್ಮ ಪರದೆಯನ್ನು ಅಳೆದು ನೋಡಿ. ಒತ್ತು, ಗುಣಿತ ಇಲ್ಲದ ಒಂದು ಅಕ್ಷರದ ಎತ್ತರ ಎಷ್ಟಿದೆ? ಕಣ್ಣಿನಿಂದ ಪರದೆಗೆ ದೂರ 50 ಸೆಂ.ಮೀ. ಇದ್ದರೆ ಸುಮಾರು 3 ಮಿ.ಮೀ., 60 ಇದ್ದರೆ 3.5 ಮಿ.ಮೀ., 70 ಇದ್ದರೆ 4 ಮಿ.ಮೀ. ಇರಲಿ. ಫೋನನ್ನು 35 ಸೆಂ.ಮೀ. ದೂರದಲ್ಲಿ ಹಿಡಿಯುವವರಿಗೆ 2 ಮಿ.ಮೀ. ಸಾಕಾಗುತ್ತದೆ.

ಹತ್ತಿರ ಹೋದರೆ ಮಂಜು, ದೂರ ಹೋದರೆ ಚಿಕ್ಕದು

ಇಪ್ಪತ್ತರ ಹುಡುಗ ಚಿಕ್ಕ ಅಕ್ಷರ ಕಂಡರೆ ಸ್ವಲ್ಪ ಮುಂದೆ ಬಾಗಿ ಓದಿಬಿಡುತ್ತಾನೆ. ನಲವತ್ತೈದರವರಿಗೆ ಅದು ಸಾಧ್ಯವಿಲ್ಲ. ಇದಕ್ಕೆ ಕಾರಣ ಚಾಳೀಸು.

ನಮ್ಮ ಕಣ್ಣಿನೊಳಗೆ ಒಂದು ಮಸೂರವಿದೆ. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಒಳಗಿನ ಸ್ನಾಯು ಸಂಕುಚಿಸಿ ಈ ಮಸೂರವನ್ನು ಉಬ್ಬಿಸುತ್ತದೆ. ಹತ್ತು ವರ್ಷದ ಮಗು ಮೂಗಿನ ತುದಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದ ಪುಸ್ತಕವನ್ನೂ ಓದಬಲ್ಲದು. ವಯಸ್ಸಾದಂತೆ ಮಸೂರ ಗಡುಸಾಗುತ್ತ ಹೋಗುತ್ತದೆ. ನಲವತ್ತರ ಹೊತ್ತಿಗೆ 20 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ. ಐವತ್ತರ ಹೊತ್ತಿಗೆ ಅದು 40 ಸೆಂ.ಮೀ. ಆಸುಪಾಸಿಗೆ ಬಂದಿರುತ್ತದೆ. ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದು ಓದುವವರನ್ನು ಕಂಡರೆ ಇನ್ನು ಯಾರೂ ಹೇಳಬೇಕಾಗಿಲ್ಲ, ಚಾಳೀಸು ಬಂದಿದೆ. ಇದು ರೋಗವಲ್ಲ. ಕೂದಲು ನರೆಯುವ ಹಾಗೆ, ಎಲ್ಲರಿಗೂ ಬರುವಂಥದ್ದು.

ಈಗ ಚಿಕ್ಕ ಅಕ್ಷರ ಮತ್ತು ಚಾಳೀಸು ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ಯೋಚಿಸಿ. ಅಕ್ಷರ ಚಿಕ್ಕದು, ಆದ್ದರಿಂದ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಮಸೂರ ಉಬ್ಬಲಾರದು, ಆದ್ದರಿಂದ ಮಂಜು. ಹಿಂದೆ ಸರಿದರೆ ಮಂಜು ಹೋಗುತ್ತದೆ, ಆದರೆ ಅಕ್ಷರ ಮತ್ತೆ ಚಿಕ್ಕದು. ಕುರ್ಚಿಯಲ್ಲಿ ಕೂತವರು ದಿನವಿಡೀ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುತ್ತಾರೆ. ಆ ಮಹಿಳೆಗೆ ‘ನಿಮ್ಮ ಕಚೇರಿಯಲ್ಲಿ ಕೂರುವ ಹಾಗೆ ಕೂತು ತೋರಿಸಿ’ ಎಂದೆ. ಬೆನ್ನು ಬಾಗಿಸಿ, ಗಲ್ಲ ಮುಂದೆ ಚಾಚಿ, ಹುಬ್ಬು ಗಂಟು ಹಾಕಿ ಕೂತರು. ಅವರ ಪತಿಗೇ ನಗು ಬಂತು. ಆಮೇಲೆ ಮೂವರೂ ಸುಮ್ಮನಾದೆವು.

ನೋವು ಬರುವ ದಾರಿ

ತಲೆಯ ತೂಕ ಸುಮಾರು ಐದು ಕೆ.ಜಿ. ಅದು ಬೆನ್ನುಮೂಳೆಯ ನೇರಕ್ಕೆ ಇರುವವರೆಗೆ ಕತ್ತಿನ ಸ್ನಾಯುಗಳಿಗೆ ಹೊರೆಯಿಲ್ಲ. ಮುಂದಕ್ಕೆ ಚಾಚಿದಾಗ ಅದು ಬೀಳದಂತೆ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು. ಐದಾರು ಗಂಟೆ ಹೀಗೆ ಎಳೆದು ಹಿಡಿದ ಸ್ನಾಯುವಿನ ನೋವು ಕತ್ತಿನಿಂದ ತಲೆಯ ಹಿಂಭಾಗಕ್ಕೆ, ಅಲ್ಲಿಂದ ನೆತ್ತಿಗೆ ಹತ್ತುತ್ತದೆ. ಹುಬ್ಬು ಗಂಟಿಕ್ಕಿದ ಸ್ನಾಯುಗಳು ಹಣೆಯ ನೋವನ್ನು ಕೊಡುತ್ತವೆ.

ಇನ್ನೊಂದು ವಿಷಯ ರೆಪ್ಪೆ ಬಡಿಯುವುದು. ಕಣ್ಣಿನ ಮೇಲಿನ ತೇವ ಆರದಂತೆ ಕಾಯುವುದು ರೆಪ್ಪೆಯ ಕೆಲಸ. 1993ರಲ್ಲಿ ಜಪಾನಿನ ವೈದ್ಯರು ಎಣಿಸಿ ನೋಡಿದರು. ಸುಮ್ಮನೆ ಕೂತಾಗ ನಿಮಿಷಕ್ಕೆ ಸರಾಸರಿ 22 ಸಲ ಬಡಿಯುವ ರೆಪ್ಪೆ, ಪುಸ್ತಕ ಓದುವಾಗ 10 ಸಲ, ಕಂಪ್ಯೂಟರ್ ಪರದೆ ನೋಡುವಾಗ 7 ಸಲ ಬಡಿಯಿತು. ಚಿಕ್ಕದನ್ನು ದಿಟ್ಟಿಸಿ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಕಣ್ಣು ಉರಿ, ಮರಳು ಬಿದ್ದಂಥ ಚುಚ್ಚು, ಸಂಜೆಗೆ ಕೆಂಪು ಇವೆಲ್ಲ ಅದರ ಫಲ.

ಕೈಗೂ ತೊಂದರೆ ತಪ್ಪಿದ್ದಲ್ಲ. ಗುರಿ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಅರ್ಧ ಸೆಂಟಿಮೀಟರಿನ ಗುಂಡಿಯ ಮೇಲೆ ಮೌಸಿನ ಬಾಣ ನಿಲ್ಲಿಸಲು ಮುಂಗೈ ಬಿಗಿ ಹಿಡಿಯಬೇಕಾಗುತ್ತದೆ. ಕೈ ತುಸು ನಡುಗುವ ಹಿರಿಯರು ಫೋನಿನಲ್ಲಿ ‘ಬೇಡ’ ಒತ್ತಲು ಹೋಗಿ ‘ಸರಿ’ ಒತ್ತಿಬಿಡುತ್ತಾರೆ. ಹಣ ಕಳಿಸುವ ಕೆಲಸವೂ ಫೋನಿನಲ್ಲೇ ನಡೆಯುವ ಈ ಕಾಲದಲ್ಲಿ ಇದು ಬರಿಯ ಕಿರಿಕಿರಿಯ ಮಾತಲ್ಲ.

ತಪ್ಪು ಮದ್ದು, ಸರಿ ಮದ್ದು

ಅಕ್ಷರ ಚಿಕ್ಕದೆಂದು ದೂರಿದಾಗ ಕಚೇರಿಯಲ್ಲಿ ಯಾರಾದರೂ ಬಂದು ರೆಸಲ್ಯೂಷನ್ ಇಳಿಸಿಕೊಡುವುದುಂಟು. ಅಕ್ಷರ ದೊಡ್ಡದಾಗುತ್ತದೆ, ನಿಜ. ಆದರೆ ಅಂಚು ಮಸುಕಾಗುತ್ತದೆ. ಹಳೆಯ ಕಾಲದ ಡಬ್ಬಿಯಂಥ ಗಾಜಿನ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣವು ಚಿತ್ರ ಬರೆಯುತ್ತಿತ್ತು. ಚುಕ್ಕಿಯ ಲೆಕ್ಕ ಬದಲಾಯಿಸಿದರೂ ಅಂಥ ತೊಂದರೆ ಕಾಣುತ್ತಿರಲಿಲ್ಲ. ಈಗಿನ ಚಪ್ಪಟೆ ಪರದೆಗಳಲ್ಲಿ ಚುಕ್ಕಿಗಳು ಕಾರ್ಖಾನೆಯಲ್ಲೇ ಕೂರಿಸಿದವು. 1920 ಮನೆಗಳಿರುವ ಸಾಲಿನಲ್ಲಿ 1366 ಚುಕ್ಕಿಗಳನ್ನು ಹಂಚಲು ಹೊರಟರೆ ಒಂದು ಚುಕ್ಕಿ ಒಂದು ಮನೆ ದಾಟಿ ಪಕ್ಕದ ಮನೆಗೂ ಅರೆಬರೆ ಚೆಲ್ಲುತ್ತದೆ. ಅದೇ ಮಸುಕು. ಮಸುಕನ್ನು ಸರಿಪಡಿಸಲು ಕಣ್ಣು ಮತ್ತೆ ಹೆಣಗುತ್ತದೆ. ಒಂದು ನೋವು ತೆಗೆದು ಇನ್ನೊಂದು ಕೊಟ್ಟಂತೆ.

ಸರಿಯಾದ ಉಪಾಯ ಬೇರೆ ಇದೆ. ಮತ್ತೆ ರಂಗೋಲಿಗೆ ಬನ್ನಿ. ಚುಕ್ಕಿಗಳು ಹತ್ತಿರವಾದರೇನಂತೆ, ಏಳರ ಬದಲು ಹದಿನಾಲ್ಕು ಚುಕ್ಕಿ ಬಳಸಿ ಅದೇ ಚಿತ್ರ ಬರೆಯಿರಿ. ರಂಗೋಲಿ ಅಂಗಳದಷ್ಟೇ ದೊಡ್ಡದಿರುತ್ತದೆ, ಗೆರೆ ಇನ್ನೂ ನಯವಾಗುತ್ತದೆ. 2010ರಲ್ಲಿ ಬಂದ ಐಫೋನ್ 4ರಲ್ಲಿ ಮಾಡಿದ್ದು ಇದನ್ನೇ. ಮೂರೂವರೆ ಅಂಗುಲದ ಅದೇ ಗಾತ್ರದ ಪರದೆಯಲ್ಲಿ ಚುಕ್ಕಿಗಳನ್ನು 480 x 320ರಿಂದ 960 x 640ಕ್ಕೆ, ಅಂದರೆ ನಾಲ್ಕು ಪಟ್ಟು, ಏರಿಸಿದರು. ಹಿಂದೆ ಒಂದು ಚುಕ್ಕಿ ಇದ್ದಲ್ಲಿ ನಾಲ್ಕು ಬಳಸಿದ್ದರಿಂದ ಚಿತ್ರ, ಅಕ್ಷರ ಯಾವುದೂ ಕುಗ್ಗಲಿಲ್ಲ, ಮೊದಲಿಗಿಂತ ಸ್ಪಷ್ಟವಾದವು. ಚುಕ್ಕಿ ಹೆಚ್ಚಾದರೆ ಅಕ್ಷರ ಚಿಕ್ಕದಾಗಲೇಬೇಕೆಂಬ ನಿಯಮವಿಲ್ಲ. ಹೆಚ್ಚಿನ ಚುಕ್ಕಿಯನ್ನು ಹೆಚ್ಚು ಸಾಲು ತುರುಕಲು ಬಳಸುತ್ತೀರೋ, ಅಕ್ಷರವನ್ನು ಸ್ಪಷ್ಟಗೊಳಿಸಲು ಬಳಸುತ್ತೀರೋ ಎಂಬುದಷ್ಟೇ ಪ್ರಶ್ನೆ.

ಕಂಪ್ಯೂಟರಿನಲ್ಲಿ ಈ ಉಪಾಯಕ್ಕೆ ಸ್ಕೇಲ್ ಎಂದು ಹೆಸರು. ಹೊಸ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಪರದೆಗೆ ತಕ್ಕ ಸ್ಕೇಲ್ ಇಟ್ಟುಕೊಂಡೇ ಬರುತ್ತವೆ. ಸಂಘದ ಲ್ಯಾಪ್‌ಟಾಪ್ ಜೋಡಿಸಿಕೊಟ್ಟ ಹುಡುಗ, ಖಾತೆಯ ಸಾಲುಗಳು ಒಂದೇ ನೋಟಕ್ಕೆ ಹೆಚ್ಚು ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದ ಅದನ್ನು 100ಕ್ಕೆ ಇಳಿಸಿ ಹೋಗಿದ್ದ.

ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು

1. ವಿಂಡೋಸ್ ಕಂಪ್ಯೂಟರಿನ ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ರೆಸಲ್ಯೂಷನ್ ಎಂಬಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವುದನ್ನೇ ಉಳಿಸಿ. ‘ಸ್ಕೇಲ್’ ಎಂಬಲ್ಲಿ 125, 150, 175 ಹೀಗೆ ಏರಿಸುತ್ತ, ಬೆನ್ನು ಕುರ್ಚಿಗೆ ತಾಗಿಸಿ ಕೂತು ಯಾವುದು ಹಿತವೋ ನೋಡಿ.

2. ಅಂತರಜಾಲದ ಪುಟ ಓದುವಾಗ ‘ಕಂಟ್ರೋಲ್’ ಕೀಲಿ ಹಿಡಿದು ಕೂಡುವ ಗುರುತಿನ ಕೀಲಿ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ‘ಕಂಟ್ರೋಲ್’ ಜೊತೆ ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ.

3. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ’ ಎಂಬಲ್ಲಿ ಅಕ್ಷರದ ಗಾತ್ರ ಬದಲಾಯಿಸಬಹುದು. ಅನೇಕ ಫೋನುಗಳಲ್ಲಿ ಗುಂಡಿಗಳನ್ನು ದೊಡ್ಡದು ಮಾಡುವ ಏರ್ಪಾಟೂ ಪಕ್ಕದಲ್ಲೇ ಇರುತ್ತದೆ. ಮನೆಯ ಮಕ್ಕಳು ಅಜ್ಜ ಅಜ್ಜಿಯ ಫೋನಿಗೆ ಇದನ್ನು ಮಾಡಿಕೊಡಲಿ. ಐದು ನಿಮಿಷದ ಕೆಲಸ.

4. ಕೆಲವು ಹಳೆಯ ಲೆಕ್ಕದ ಕಾರ್ಯಕ್ರಮಗಳು ಸ್ಕೇಲ್‌ನ ಮಾತು ಕೇಳುವುದಿಲ್ಲ. ಅಂಥಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಪರದೆಯೊಂದನ್ನು ಜೋಡಿಸುವುದೇ ದಾರಿ.

5. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಹೊಳೆಯದಿರಲಿ.

6. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಿ. ನಾಲ್ಕು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ.

ಸ್ಕೇಲ್ ಏರಿಸಿದರೆ ಪರದೆಯಲ್ಲಿ ಒಮ್ಮೆಗೆ ಕಾಣುವ ಸಾಲುಗಳು ಕಡಿಮೆಯಾಗುತ್ತವೆ, ಪುಟವನ್ನು ಹೆಚ್ಚು ಸಲ ಸರಿಸಬೇಕಾಗುತ್ತದೆ. ಇದೊಂದು ಅನನುಕೂಲ ಇದ್ದೇ ಇದೆ. ಬೆರಳಿಗೆ ತುಸು ಕೆಲಸ ಹೆಚ್ಚಾದರೂ ಕತ್ತಿಗೆ ಬಿಡುವು ಸಿಗುತ್ತದೆ.

ಕನ್ನಡಕದ ಮಾತು

ಅಕ್ಷರ ದೊಡ್ಡದು ಮಾಡಿಕೊಂಡೆ, ಇನ್ನು ಕನ್ನಡಕ ಬೇಡ ಎಂದು ತಿಳಿಯಬೇಡಿ. ಒಂದು ಸರಳ ಪರೀಕ್ಷೆ ಇದೆ. ‘ಕಂಟ್ರೋಲ್’ ಕೀಲಿಯಿಂದ ಅಕ್ಷರವನ್ನು ಎರಡು ಪಟ್ಟು ಮಾಡಿ, ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ದೊಡ್ಡದಾದ ಕೂಡಲೇ ಅಂಚು ಚೂಪಾಗಿ ಕಂಡರೆ ತೊಂದರೆಯ ಹೆಚ್ಚಿನ ಪಾಲು ಗಾತ್ರದ್ದು. ದೊಡ್ಡದಾದರೂ ಮಂಜಾಗಿ, ನೆರಳು ನೆರಳಾಗಿ ಕಂಡರೆ ಕಣ್ಣಿನ ಪರೀಕ್ಷೆ ಆಗಬೇಕು. ನಲವತ್ತು ದಾಟಿದ ಬಹಳ ಮಂದಿಯಲ್ಲಿ ಎರಡೂ ಸೇರಿರುತ್ತವೆ.

ಕನ್ನಡಕ ಮಾಡಿಸುವಾಗ ಒಂದು ಮಾತು ಹೇಳುವುದನ್ನು ಮರೆಯಬೇಡಿ: ‘ನನ್ನ ಪರದೆ ಇಷ್ಟು ದೂರದಲ್ಲಿದೆ.’ ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರಕ್ಕೆ ಲೆಕ್ಕ ಹಾಕುತ್ತಾರೆ. ಕಣ್ಣಿನ ಸ್ವಂತ ಶಕ್ತಿ ಪೂರ್ತಿ ಹೋದವರಿಗೆ ಆ ದೂರಕ್ಕೆ ಬೇಕಾಗುವ ಪವರ್ 2.5. ಪರದೆ ಇರುವ 60 ಸೆಂ.ಮೀ.ಗೆ ಬೇಕಾದದ್ದು ಸುಮಾರು 1.7. ಪತ್ರಿಕೆಗೆ ಸರಿಯಾದ ಕನ್ನಡಕ ಪರದೆಗೆ ಹೊಂದದಿರುವುದು ಇದರಿಂದ. ಎರಡು ಭಾಗದ ಬೈಫೋಕಲ್ ಕನ್ನಡಕದಲ್ಲಿ ಓದುವ ಗಾಜು ಕೆಳಗಿರುತ್ತದೆ. ಎದುರಿನ ಪರದೆಯನ್ನು ಅದರ ಮೂಲಕ ನೋಡಲು ಗಲ್ಲ ಮೇಲೆತ್ತಬೇಕು; ಕತ್ತು ಹಿಡಿಯಲು ಅಷ್ಟು ಸಾಕು. ಜಾತ್ರೆಯಲ್ಲಿ ಕೊಂಡ, ಮನೆಯವರಿಂದ ಎರವಲು ಪಡೆದ ಕನ್ನಡಕ ಬೇಡ. ನೀಲಿ ಬೆಳಕು ತಡೆಯುತ್ತದೆ ಎಂದು ಹೆಚ್ಚು ಹಣ ತೆತ್ತು ಕೊಳ್ಳುವ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿಲ್ಲ ಎಂದು 2023ರ ಕಾಕ್ರೇನ್ ವಿಮರ್ಶೆ ಹೇಳಿದೆ.

ಮಕ್ಕಳ ವಿಷಯ ಬೇರೆ. ಅವರ ಮಸೂರ ಮೃದುವಾಗಿರುವುದರಿಂದ ಎಷ್ಟು ಚಿಕ್ಕ ಅಕ್ಷರವಾದರೂ ಮುಖದ ಹತ್ತಿರ ತಂದು ಓದಿಬಿಡುತ್ತಾರೆ, ದೂರುವುದಿಲ್ಲ. ಮಗು ಫೋನನ್ನು ಮೂಗಿನ ಬಳಿ ಹಿಡಿದರೆ, ಟಿವಿಯ ಮುಂದೆ ಹೋಗಿ ಕೂತರೆ, ಶಾಲೆಯ ಹಲಗೆ ಕಾಣುವುದಿಲ್ಲವೆಂದರೆ ದೂರದೃಷ್ಟಿ ಮಂದವಾಗಿರಬಹುದು, ಪರೀಕ್ಷೆ ಮಾಡಿಸಿ. ದಿನಕ್ಕೆ ಎರಡು ಗಂಟೆಯಾದರೂ ಬಯಲಿನ ಬೆಳಕಿನಲ್ಲಿ ಆಡಲು ಬಿಡಿ.

ಯಾವಾಗ ತಡ ಮಾಡಬಾರದು?

ಸೆಟ್ಟಿಂಗ್ ಬದಲಾಯಿಸುತ್ತ ಕೂರಬಾರದ ಸಂದರ್ಭಗಳೂ ಇವೆ. ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ, ನೇರ ಗೆರೆ ಸೊಟ್ಟಗೆ ಕಂಡರೆ, ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ ಪರದೆ ಇಳಿದಂತಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡು ಕಣ್ಣು ನೋಯುತ್ತಿದ್ದರೆ ಅಂದೇ ನೇತ್ರವೈದ್ಯರನ್ನು ಕಾಣಿರಿ. ಬೆಳಿಗ್ಗೆ ಏಳುವಾಗಲೇ ಇರುವ ತಲೆನೋವು, ವಾಂತಿಯೊಂದಿಗೆ ಬರುವ ತಲೆನೋವು, ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು ಕಂಪ್ಯೂಟರಿನದಲ್ಲ; ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಲೇಬೇಕು. ಅಕ್ಷರ ದೊಡ್ಡದು ಮಾಡಿಕೊಂಡು ಕಾಯಿಲೆಯನ್ನು ಮುಚ್ಚಿಟ್ಟಂತಾಗಬಾರದು.

ಆ ಮಹಿಳೆಗೆ ಸ್ಕ್ಯಾನ್ ಬೇಕಾಗಲಿಲ್ಲ. ನೇತ್ರವೈದ್ಯರು ಪರೀಕ್ಷಿಸಿ, ಚಾಳೀಸು ಬಿಟ್ಟರೆ ಕಣ್ಣು ಆರೋಗ್ಯವಾಗಿದೆ ಎಂದರು. ಪರದೆಯ ದೂರಕ್ಕೆ ಕನ್ನಡಕ ಬರೆದುಕೊಟ್ಟರು. ಸ್ಕೇಲ್ ಅನ್ನು 175ಕ್ಕೆ ಏರಿಸಿದ ಮೇಲೆ ಅಂಕಿಗಳು ಹಳೆಯ ಪರದೆಯ ಗಾತ್ರಕ್ಕೆ ಹತ್ತಿರ ಬಂದವು. ಒಂದು ತಿಂಗಳು ಬಿಟ್ಟು ಬಂದಾಗ ‘ತಲೆನೋವು ವಾರಕ್ಕೊಂದು ಸಲ ಬಂದರೆ ಹೆಚ್ಚು’ ಎಂದರು. ‘ಎಂಟು ಎಂಟಾಗಿಯೇ ಕಾಣ್ತಿದೆ ಡಾಕ್ಟ್ರೇ’ ಎಂದು ನಕ್ಕರು. ಅವರ ಸಂಘದಲ್ಲಿ ಇನ್ನಿಬ್ಬರು ತಮ್ಮ ಪರದೆಯನ್ನೂ ಸರಿ ಮಾಡಿಸಿಕೊಂಡರಂತೆ.

ಅವರು ಹೋದ ಮೇಲೆ ನನ್ನ ಮೇಜಿನ ಮೇಲಿದ್ದ ಕಂಪ್ಯೂಟರಿನ ಅಕ್ಷರವನ್ನು ಅಳೆದು ನೋಡಿದೆ. 2 ಮಿ.ಮೀ. ಸಂಜೆ ಹೊತ್ತು ನನಗೂ ಕತ್ತು ನೋಯುತ್ತಿದ್ದುದಕ್ಕೆ ಇಷ್ಟು ದಿನ ದಿಂಬನ್ನು ದೂರುತ್ತಿದ್ದೆ. ಈ ಪುಟ ಓದಿ ಮುಗಿಸಿದ ಮೇಲೆ ನೀವೂ ಒಮ್ಮೆ ಅಳತೆಪಟ್ಟಿ ಹಿಡಿದು ನಿಮ್ಮ ಪರದೆಯ ಮುಂದೆ ಕೂತುಕೊಳ್ಳಿ. ಮನೆಯ ಹಿರಿಯರ ಫೋನನ್ನೂ ಮರೆಯಬೇಡಿ.